ಹೊಸದರ ಬೆಲೆಗೆ ಬಂದ ಹಳೆಯ ಮಿಷನ್

2023ರ ಮೇ ತಿಂಗಳ ಒಂದು ಮಧ್ಯಾಹ್ನ. ಝುಹರ್ ನಮಾಝ್ ಮುಗಿಸಿ ಎದ್ದಿದ್ದೆನಷ್ಟೆ, ಬಾಗಿಲಲ್ಲಿ ಸಲಾಮ್ ಕೇಳಿಸಿತು. ಹಲವು ವರ್ಷಗಳ ಹಿಂದೆ ನಮ್ಮ ಮದ್ರಸದಲ್ಲಿ ಓದಿದ್ದ ಹುಡುಗಿ, ಈಗ ಎರಡು ಮಕ್ಕಳ ತಾಯಿ. ಕೂರು ಎನ್ನುವ ಮೊದಲೇ ಕೈಯಲ್ಲಿದ್ದ ಪ್ಲಾಸ್ಟಿಕ್ ಕೊಟ್ಟೆಯಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಬಿಚ್ಚಿದಳು. ಒಳಗೆ ಎಣ್ಣೆ ಹಿಡಿದ ನೂಲಿನ ಧೂಳಿನ ಸಣ್ಣ ಉಂಡೆ. ಬಣ್ಣ ಕೆಂಪು.

"ಆಪಾ, ಇದು ನನ್ನ ಹೊಸ ಮಿಷನ್ನಿನ ಒಳಗೆ ಸಿಕ್ಕಿತು. ಮಿಷನ್ ಮನೆಗೆ ಬಂದು ಆರು ದಿನವಾಯಿತು. ನಾನು ಹೊಲಿದದ್ದು ಬಿಳಿ ಶರ್ಟು ಮತ್ತು ನೀಲಿ ಲಂಗ ಮಾತ್ರ. ಹಾಗಾದರೆ ಈ ಕೆಂಪು ಎಲ್ಲಿಂದ ಬಂತು?"

ಅವಳ ಗಂಡ ಲಾರಿ ಚಾಲಕ. ಬೆನ್ನಿಗೆ ಪೆಟ್ಟಾದ ಮೇಲೆ ದೂರದ ಬಾಡಿಗೆಗೆ ಹೋಗಲಾರ. ಇವಳು ಮೊದಲಿನಿಂದಲೂ ತಾಯಿಯ ಕಾಲು ಮಿಷನ್ನಿನಲ್ಲಿ ನೈಟಿ, ಬ್ಲೌಸು ಹೊಲಿಯುತ್ತಿದ್ದಳು. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಯೂನಿಫಾರ್ಮಿನ ಕೆಲಸ ಬಹಳ ಬರುತ್ತದೆ, ಕಾಲು ಮಿಷನ್ನಿನಲ್ಲಿ ಅದು ಮುಗಿಯುವುದಿಲ್ಲ ಎಂದು ಮೋಟಾರಿನ ಪವರ್ ಮಿಷನ್ ಕೊಳ್ಳಲು ನಿರ್ಧರಿಸಿದಳು. ಓಣಿಯ ಹೆಂಗಸರ ಚೀಟಿಯಲ್ಲಿ ತಿಂಗಳಿಗೆ ಸಾವಿರದಂತೆ ಕಟ್ಟಿದ ಹಣ, ಮೇಲೆ ತಾಯಿಯ ಒಂದು ಜೊತೆ ಬೆಂಡೋಲೆ ಮಾರಿದ ಹಣ. ಒಟ್ಟು 21,000 ರೂಪಾಯಿ. ಅಂಗಡಿಯವರು ನಮ್ಮ ಜಮಾಅತ್ತಿನವರೇ, ಜುಮಾಕ್ಕೆ ಮುಂದಿನ ಸಾಲಿನಲ್ಲಿ ಕಾಣಿಸುವವರು. ಆ ನಂಬಿಕೆಯಿಂದ ಇವಳು ಬಿಲ್ಲನ್ನೂ ಸರಿಯಾಗಿ ಕೇಳಲಿಲ್ಲ. ಸಿಕ್ಕಿದ್ದು ಒಂದು ಎಸ್ಟಿಮೇಟ್ ಚೀಟಿ. ಅದರಲ್ಲಿ "ಮಿಷನ್ 1, ರೂ. 21,000" ಎಂದಷ್ಟೇ ಇತ್ತು. ಕಂಪೆನಿಯ ಹೆಸರಿಲ್ಲ, ಸೀರಿಯಲ್ ನಂಬರ್ ಇಲ್ಲ, ಹೊಸದು ಎಂಬ ಮಾತೂ ಇಲ್ಲ.

ಮಿಷನ್ ತಂದ ಹುಡುಗರು ಅದನ್ನು ಟೇಬಲ್ಲಿಗೆ ಜೋಡಿಸಿಕೊಂಡೇ ತಂದಿದ್ದರು. ಬಾಕ್ಸ್ ಎಲ್ಲಿ ಎಂದರೆ, "ಅಂಗಡಿಯಲ್ಲೇ ಬಿಚ್ಚಿ ಫಿಟ್ ಮಾಡಿದ್ದೇವೆ ಅಕ್ಕಾ, ನಿಮಗೆ ಕಷ್ಟ ಬೇಡ ಅಂತ" ಎಂದರು. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು. ಅದರಲ್ಲಿ ಸರಕು ಸುಸ್ಥಿತಿಯಲ್ಲಿ ತಲುಪಿದೆ ಎಂದು ಅಚ್ಚಾಗಿತ್ತು. ಇವಳು ಓದಿರಲಿಲ್ಲ. ಓದಿದ್ದರೂ ಸಹಿ ಹಾಕುತ್ತಿದ್ದಳೇನೋ, ನಾವೆಲ್ಲ ಹಾಗೆಯೇ.

ಮೂರನೆಯ ದಿನದಿಂದ ಹೊಲಿಗೆ ಬಿಟ್ಟುಬಿಟ್ಟು ಬೀಳತೊಡಗಿತು. ಸೂಜಿ ಬದಲಿಸಿದಳು, ದಾರ ಬದಲಿಸಿದಳು. ಆರನೆಯ ದಿನ ಸೂಜಿಯ ಕೆಳಗಿನ ಪ್ಲೇಟ್ ಬಿಚ್ಚಿ ನೋಡಿದರೆ ಈ ಕೆಂಪು ಧೂಳು. ಅದೇ ಪ್ಲೇಟಿನಲ್ಲಿ ಸೂಜಿ ತಾಗಿದ ಹಲವು ಗಾಯಗಳೂ ಇದ್ದವು.

ನಾನು ಮಿಷನ್ ಬಲ್ಲವಳಲ್ಲ. ನಮ್ಮೂರಲ್ಲಿ ಬಹಳ ವರ್ಷಗಳಿಂದ ಹೊಲಿಗೆ ಮಿಷನ್ ರಿಪೇರಿ ಮಾಡುವ ಒಬ್ಬ ಚಾಚಾ ಇದ್ದಾರೆ. ಅವರನ್ನು ಅವಳ ಮನೆಗೆ ಕರೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ಮೊದಲು ನೋಡಿದ್ದು ದಾರ ಹಾದುಹೋಗುವ ಕೊಕ್ಕೆಗಳನ್ನು. ದಾರ ಮೆತ್ತಗಿನದಾದರೂ ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಉಜ್ಜಿದರೆ ಕಬ್ಬಿಣದಲ್ಲೂ ಗೆರೆ ಬೀಳುತ್ತದೆ. ಉಗುರು ಆಡಿಸಿದರೆ ಆ ಗೆರೆ ತಿಳಿಯುತ್ತದೆ. ಆಮೇಲೆ ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳನ್ನು ನೋಡಿದರು. ಹೊಸದರಲ್ಲಿ ಅವು ಬೆರಳಿಗೆ ಚುಚ್ಚುವಷ್ಟು ಹರಿತವಾಗಿರುತ್ತವೆ, ಇಲ್ಲಿ ಮೊಂಡಾಗಿದ್ದವು. ಕೊನೆಗೆ ಮಿಷನ್ನನ್ನು ಹಿಂದಕ್ಕೆ ಮಗುಚಿ ಕೆಳಗಿನ ಎಣ್ಣೆ ತಟ್ಟೆಯನ್ನು ತೋರಿಸಿದರು. ಪವರ್ ಮಿಷನ್ನಿಗೆ ಎಣ್ಣೆ ಹಾಕುವುದು ಅದನ್ನು ಕೂರಿಸುವಾಗ. ಆರು ದಿನದ ಎಣ್ಣೆ ನೀರಿನಂತೆ ತಿಳಿಯಾಗಿರಬೇಕು. ಈ ತಟ್ಟೆಯ ಮೂಲೆಗಳಲ್ಲಿ ಕಪ್ಪು ಜಿಡ್ಡು ಕಟ್ಟಿತ್ತು.

"ಇದು ಯಾರದೋ ಮನೆಯಲ್ಲಿ ಅನ್ನ ತಿಂದು ಬಂದಿದೆ ಬೇಟಿ" ಎಂದರು ಚಾಚಾ.

ಮರುದಿನ ನಾವಿಬ್ಬರೂ ಅಂಗಡಿಗೆ ಹೋದೆವು. ಅಂಗಡಿಯವರು ಗೌರವದಿಂದಲೇ ಕೂರಿಸಿದರು, ಚಹಾ ತರಿಸಿದರು. ವಿಷಯ ಹೇಳಿದಾಗ ಮಾತ್ರ ಮೂರು ಉತ್ತರಗಳನ್ನು ಒಂದರ ಹಿಂದೆ ಒಂದರಂತೆ ಕೊಟ್ಟರು. ಮೊದಲನೆಯದು, ಫ್ಯಾಕ್ಟರಿಯಲ್ಲಿ ಹೊಲಿದು ನೋಡಿಯೇ ಕಳಿಸುತ್ತಾರೆ, ಧೂಳು ಅಲ್ಲಿನದು. ಎರಡನೆಯದು, ಆರು ದಿನ ಓಡಿಸಿದ್ದೀರಿ, ಈಗ ಹಳೆಯದು ಎಂದರೆ ಹಳೆಯದು ಮಾಡಿದ್ದು ನೀವೇ. ಮೂರನೆಯದನ್ನು ಅವರು ಬಾಯಿಂದ ಹೇಳಲಿಲ್ಲ, ಗೋಡೆಗೆ ಅಂಟಿಸಿದ್ದ ಬೋರ್ಡಿನ ಕಡೆ ಕೈ ತೋರಿಸಿದರು. ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ.

ಮೊದಲನೆಯ ಉತ್ತರದಲ್ಲಿ ಸ್ವಲ್ಪ ನಿಜವಿದೆ. ಮಿಷನ್ನುಗಳನ್ನು ತಯಾರಕರು ಒಂದಿಷ್ಟು ಹೊಲಿದು ಪರೀಕ್ಷಿಸುತ್ತಾರೆ. ಕೆಲವು ಹೊಸ ಮಿಷನ್ನುಗಳ ಜೊತೆ ಹೊಲಿದು ನೋಡಿದ ಬಟ್ಟೆಯ ತುಂಡೂ ಬರುತ್ತದೆ. ಆದರೆ ಒಂದು ಗೇಣು ಹೊಲಿಗೆಯಿಂದ ಕಬ್ಬಿಣದಲ್ಲಿ ಗೆರೆ ಬೀಳುವುದಿಲ್ಲ. ನಮ್ಮನ್ನು ನಿಜವಾಗಿ ಕಟ್ಟಿಹಾಕಿದ್ದು ಎರಡನೆಯ ಉತ್ತರ. ಇಂತಹ ಎಲ್ಲ ಜಗಳಗಳ ಗಂಟು ಇಲ್ಲಿಯೇ ಇರುವುದು. ವಸ್ತುವನ್ನು ಬಳಸದೆ ಅದು ಬಳಸಿದ್ದು ಎಂದು ತಿಳಿಯುವುದಿಲ್ಲ. ಬಳಸಿದ ಕ್ಷಣದಿಂದ ಅದನ್ನು ಬಳಸಿದವರ ಪಟ್ಟಿಯಲ್ಲಿ ನಮ್ಮ ಹೆಸರೂ ಸೇರಿಬಿಡುತ್ತದೆ.

ಪಾಠದಲ್ಲಿ ಓದಿದ್ದು, ಅಂಗಡಿಯಲ್ಲಿ ಕಂಡದ್ದು

ಮದ್ರಸದಲ್ಲಿ ನಾನು ಹೆಣ್ಣುಮಕ್ಕಳಿಗೆ ಕಲಿಸುವ ಕಿತಾಬುಗಳಲ್ಲಿ ಇಮಾಮ್ ಕುದೂರಿಯವರ ಮುಖ್ತಸರ್ ಒಂದು. ವ್ಯಾಪಾರದ ಅಧ್ಯಾಯ ಬಂದಾಗ ಹುಡುಗಿಯರು ಆಕಳಿಸುತ್ತಾರೆ. ಖಿಯಾರ್ ಎಂಬ ಪದ, ಅಂದರೆ ವ್ಯಾಪಾರವನ್ನು ಉಳಿಸುವ ಅಥವಾ ಮುರಿಯುವ ಆಯ್ಕೆ. ಅದರಲ್ಲಿ ಎಷ್ಟೋ ವಿಧ. ಉದಾಹರಣೆಗಳೆಲ್ಲ ಗುಲಾಮರದು, ಪ್ರಾಣಿಗಳದು. ಇದನ್ನೆಲ್ಲ ಯಾಕೆ ಕಲಿಯಬೇಕು ಆಪಾ ಎಂದು ಕೇಳಿದವರಿದ್ದಾರೆ. ಅಂದು ಅಂಗಡಿಯಿಂದ ಮನೆಗೆ ಬಂದು ಅದೇ ಅಧ್ಯಾಯ ತೆರೆದು ಕುಳಿತಾಗ, ಅದು ಹೊಲಿಗೆ ಮಿಷನ್ನಿಗಾಗಿಯೇ ಬರೆದಂತೆ ಕಂಡಿತು.

ವಸ್ತುವಿನಲ್ಲಿ ದೋಷವಿದ್ದು, ಖರೀದಿಸುವಾಗ ಅದು ಗೊತ್ತಿರದಿದ್ದರೆ, ಗೊತ್ತಾದಾಗ ಮರಳಿಸುವ ಹಕ್ಕು ಖರೀದಿದಾರರಿಗಿದೆ. ಇದು ದೋಷದ ಖಿಯಾರ್. ದೋಷ ಎಂದರೇನು ಎಂಬುದನ್ನು ಫಿಕ್‌ಹ್ ಪಂಡಿತರು ನಮ್ಮ ಇಷ್ಟಾನಿಷ್ಟಕ್ಕೆ ಬಿಡಲಿಲ್ಲ. ಆ ಸರಕಿನ ವ್ಯಾಪಾರ ಬಲ್ಲವರ ದೃಷ್ಟಿಯಲ್ಲಿ ಯಾವುದು ಅದರ ಬೆಲೆಯನ್ನು ಇಳಿಸುತ್ತದೋ ಅದು ದೋಷ. ಉಸ್ಮಾನೀ ಆಡಳಿತದಲ್ಲಿ 1869ರಿಂದ 1876ರ ನಡುವೆ ಹನಫೀ ಫಿಕ್‌ಹನ್ನು ಕಾನೂನು ರೂಪದಲ್ಲಿ ಬರೆದ 'ಮಜಲ್ಲ' ಗ್ರಂಥದಲ್ಲೂ ಇದೇ ಅಳತೆ ಇದೆ. ಅಂದರೆ ನಮ್ಮ ರಿಪೇರಿ ಚಾಚಾರ ಮಾತಿಗೆ ಬೆಲೆ ಬರುವುದು ಇಲ್ಲಿ. ಇದರ ಜೊತೆಗೆ ಇನ್ನೊಂದು ಖಿಯಾರ್ ಇದೆ, ಅದು ಗುಣದ್ದು. ಹಾಲು ಕೊಡುವ ಹಸು ಎಂದು ಹೇಳಿ ಮಾರಿ, ಅದು ಹಾಲು ಕೊಡದಿದ್ದರೆ? ಹಸುವಿಗೆ ರೋಗವಿರಬೇಕೆಂದಿಲ್ಲ, ಹೇಳಿದ ಗುಣ ಇಲ್ಲದಿದ್ದರೆ ಸಾಕು, ಖರೀದಿದಾರರು ಮರಳಿಸಬಹುದು. ಹೊಸದು ಎಂಬುದೂ ಒಂದು ಗುಣವಲ್ಲವೇ? ಹಳೆಯ ಮಿಷನ್ ಚೆನ್ನಾಗಿ ಹೊಲಿದರೂ ಅದು ಹೊಸ ಮಿಷನ್ ಅಲ್ಲ.

ಇನ್ನು ಬಳಸಿದ ಪ್ರಶ್ನೆ. ಇಲ್ಲಿ ನನಗೆ ನೆನಪಾದದ್ದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಪ್ರಸಿದ್ಧ ಹದೀಸ್. ಆ ಕಾಲದ ಕೆಲವರು ಒಂಟೆ, ಆಡುಗಳನ್ನು ಮಾರುವ ಮೊದಲು ಕೆಲವು ದಿನ ಹಾಲು ಕರೆಯದೆ ಬಿಡುತ್ತಿದ್ದರು. ಕೆಚ್ಚಲು ತುಂಬಿ, ನೋಡಿದವರಿಗೆ ಭಾರೀ ಹಾಲಿನ ಪ್ರಾಣಿಯಂತೆ ಕಾಣುತ್ತಿತ್ತು. ಪ್ರವಾದಿ ಮುಹಮ್ಮದ್(ಸ)ರು ಇದನ್ನು ನಿಷೇಧಿಸಿದರು. ಹಾಗೆ ಮೋಸ ಹೋಗಿ ಕೊಂಡವನಿಗೆ, ಹಾಲು ಕರೆದ ಮೇಲೂ, ಇಟ್ಟುಕೊಳ್ಳುವ ಅಥವಾ ಮರಳಿಸುವ ಆಯ್ಕೆ ಇದೆ ಎಂದರು. ಮರಳಿಸುವಾಗ ಕರೆದ ಹಾಲಿಗೆ ಬದಲಾಗಿ ಒಂದು ಸಾಅ್ ಖರ್ಜೂರ ಕೊಡಬೇಕು. ಖರ್ಜೂರದ ವಿಚಾರದಲ್ಲಿ, ಮರಳಿಸುವ ವಿವರಗಳಲ್ಲಿ ಇಮಾಮರ ನಡುವೆ ಭಿನ್ನಾಭಿಪ್ರಾಯವಿದೆ. ಹನಫೀ ಪಂಡಿತರು ಇದನ್ನು ಬೇರೆಯಾಗಿಯೇ ಅರ್ಥೈಸಿದ್ದಾರೆ, ಅದು ಇಲ್ಲಿನ ಚರ್ಚೆಯಲ್ಲ. ನನ್ನ ಮನಸ್ಸಿಗೆ ನಾಟಿದ್ದು ಬೇರೆ. ಹಾಲು ಕರೆಯದೆ ಮೋಸ ತಿಳಿಯುವುದಿಲ್ಲ. ಆದ್ದರಿಂದ ಮೋಸವನ್ನು ಬಯಲು ಮಾಡಿದ ಬಳಕೆಯೇ ಮೋಸ ಹೋದವನ ಹಕ್ಕನ್ನು ಕಸಿಯಬಾರದು. ಹಾಗೆಂದು ಬಳಸಿದ್ದರ ಲೆಕ್ಕವನ್ನು ಕೊಡದೆ ಹೋಗುವುದೂ ನ್ಯಾಯವಲ್ಲ.

ಆದರೆ ಸಹೋದರಿಯರೇ, ಇದರ ಇನ್ನೊಂದು ಮಗ್ಗುಲನ್ನು ನಾವು ಮರೆಯುತ್ತೇವೆ. ದೋಷ ತಿಳಿದ ನಂತರವೂ ವಸ್ತುವನ್ನು ನಮ್ಮದೆಂದು ಬಳಸುತ್ತಾ ಹೋದರೆ, ಅಥವಾ ಮಾರಲು ಇಟ್ಟರೆ, ನಾವು ಒಪ್ಪಿಕೊಂಡೆವು ಎಂದೇ ಅರ್ಥ. ಆಮೇಲೆ ಮರಳಿಸುವ ಹಕ್ಕು ಇರುವುದಿಲ್ಲ. ಶಾಫಿಈ ಮದ್‌ಹಬ್‌ನಲ್ಲಿ ಇದು ಇನ್ನೂ ಬಿಗಿ, ತಿಳಿದ ಕೂಡಲೇ ತಡ ಮಾಡದೆ ಮರಳಿಸಲು ಮುಂದಾಗಬೇಕು. ಆದ್ದರಿಂದ ಅಂಗಡಿಯಿಂದ ಬರುವ ದಾರಿಯಲ್ಲೇ ನಾನು ಅವಳಿಗೆ ಹೇಳಿದ್ದು ಒಂದೇ ಮಾತು. "ಇವತ್ತಿನಿಂದ ಆ ಮಿಷನ್ನಿಗೆ ಕೈ ಹಚ್ಚಬೇಡ."

"ಆಪಾ, ಯೂನಿಫಾರ್ಮ್?" ಎಂದಳು. ಮೂವತ್ತು ಜೊತೆ ಬಟ್ಟೆ ಕತ್ತರಿಸಿ ಇಟ್ಟಿದ್ದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ತಾಯಿಯ ಕಾಲು ಮಿಷನ್ ಮತ್ತೆ ಹೊರಗೆ ಬಂತು, ರಾತ್ರಿ ಹನ್ನೊಂದರವರೆಗೆ ತುಳಿದಳು.

ಹಳೆಯದನ್ನು ಮಾರುವುದು ತಪ್ಪೇ?

ಖಂಡಿತ ಅಲ್ಲ. ಹಳೆಯ ಮಿಷನ್, ಹಳೆಯ ಫ್ರಿಜ್, ಹಳೆಯ ಫೋನ್ ಮಾರಿ ಬದುಕುವ ಎಷ್ಟೋ ಕುಟುಂಬಗಳು ನಮ್ಮಲ್ಲಿವೆ. ಹಳೆಯದನ್ನು ಕೊಂಡು ಬದುಕು ಕಟ್ಟಿಕೊಂಡವರು ಇನ್ನೂ ಹೆಚ್ಚು. ಹಳೆಯದು ಎಂದು ಹೇಳಿ, ಹಳೆಯದರ ಬೆಲೆಗೆ ಮಾರಿದರೆ ಅದು ಹಲಾಲ್ ವ್ಯಾಪಾರ. ತಪ್ಪಾಗುವುದು ಬಾಯಿ ಮುಚ್ಚಿಕೊಂಡಾಗ. ಮಾರುವವನೂ ಕೊಳ್ಳುವವನೂ ನಿಜ ನುಡಿದು ಎಲ್ಲವನ್ನೂ ತಿಳಿಸಿದರೆ ಅವರ ವ್ಯಾಪಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟರೆ ಅದು ಅಳಿಸಿಹೋಗುತ್ತದೆ ಎಂಬರ್ಥದ ಹದೀಸನ್ನು ಹ. ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ್ದಾರೆ. ಧಾನ್ಯದ ರಾಶಿಯ ಒಳಗೆ ಪ್ರವಾದಿ(ಸ)ರು ಕೈ ಹಾಕಿದಾಗ ಬೆರಳಿಗೆ ತೇವ ತಗುಲಿದ ಘಟನೆ ನಮ್ಮ ಮಕ್ಕಳಿಗೂ ಗೊತ್ತು. ಮಳೆಯಲ್ಲಿ ನೆನೆದದ್ದು ಆ ವ್ಯಾಪಾರಿಯ ತಪ್ಪಲ್ಲ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಲಿಲ್ಲವಲ್ಲ, ಪ್ರಶ್ನೆ ಅದರದು.

ಇಮಾಮ್ ಅಬೂ ಹನೀಫಾ(ರ) ಸ್ವತಃ ಬಟ್ಟೆ ವ್ಯಾಪಾರಿ. ಒಂದು ಸಲ ಪಾಲುದಾರನಿಗೆ ಸರಕು ಕೊಟ್ಟು, ಇಂತಹ ಬಟ್ಟೆಯಲ್ಲಿ ದೋಷವಿದೆ, ಮಾರುವಾಗ ತಿಳಿಸು ಎಂದಿದ್ದರಂತೆ. ಪಾಲುದಾರ ಮರೆತು ಮಾರಿಬಿಟ್ಟ, ಕೊಂಡವರು ಯಾರೆಂಬುದೂ ನೆನಪಿಲ್ಲ. ಇಮಾಮರು ಆ ಇಡೀ ಸರಕಿನ ಹಣವನ್ನು ಸದಕಾ ಮಾಡಿದರು ಎಂದು ಅವರ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಅಲ್ಲಿ ಕೊಂಡವರಿಂದ ಯಾವ ದೂರೂ ಬಂದಿರಲಿಲ್ಲ.

ಇಲ್ಲೊಂದು ವ್ಯತ್ಯಾಸವನ್ನು ಹೇಳದಿದ್ದರೆ ಅಂಗಡಿಯವರಿಗೆ ಅನ್ಯಾಯವಾದೀತು. ಗೋದಾಮಿನಲ್ಲಿ ಒಂದು ವರ್ಷ ಬಿದ್ದಿದ್ದ ಸರಕು ಹಳೆಯ ಸ್ಟಾಕ್, ಅದು ಬಳಸಿದ್ದಲ್ಲ. ಪ್ಯಾಕಿನ ಮೇಲೆ ತಯಾರಾದ ತಿಂಗಳು, ವರ್ಷ ಬರೆದಿರುತ್ತದೆ, ನೋಡಿ ಚೌಕಾಶಿ ಮಾಡುವುದು ನಮ್ಮ ಕೆಲಸ. ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟ ಟಿ.ವಿ. ದಿನವಿಡೀ ಉರಿದಿರುತ್ತದೆ, ಹೇಳದೆ ಮಾರಿದರೆ ಅದು ಬಳಸಿದ್ದೇ. ಯಾರೋ ಒಯ್ದು ವಾಪಸ್ ಕೊಟ್ಟದ್ದು, ಕಂಪೆನಿಯವರು ರಿಪೇರಿ ಮಾಡಿ ಮತ್ತೆ ಪ್ಯಾಕ್ ಮಾಡಿದ್ದು, ಕಂತು ಕಟ್ಟದವರಿಂದ ಎತ್ತಿಕೊಂಡು ಬಂದದ್ದು, ಇವೆಲ್ಲವೂ ಬಳಸಿದವೇ. ಒರೆಸಿ ಹೊಸ ಪ್ಲಾಸ್ಟಿಕ್ ಹಾಕಿದ ಮಾತ್ರಕ್ಕೆ ಹೊಸದಾಗುವುದಿಲ್ಲ.

ಮದುವೆಯ ಮನೆಯ ಫ್ರಿಜ್

ಮಿಷನ್ನಿನ ಕತೆ ಹೇಳುತ್ತಿರುವಾಗ ನಮ್ಮ ಪಕ್ಕದ ಓಣಿಯ ಖಾಲಾ ಒಬ್ಬರು ತಮ್ಮ ಮಗಳ ಕತೆ ಹೇಳಿದರು. ಮಗಳ ಮದುವೆಗೆಂದು ಮೂರು ತಿಂಗಳು ಮೊದಲೇ ರಿಯಾಯಿತಿಯಲ್ಲಿ ಫ್ರಿಜ್ ಕೊಂಡು, ಬಾಕ್ಸ್ ಸಮೇತ ಕೋಣೆಯ ಮೂಲೆಯಲ್ಲಿಟ್ಟು, ಮದುವೆಯ ದಿನ ಹಾಗೆಯೇ ಬೀಗರ ಮನೆಗೆ ಕಳಿಸಿದ್ದರು. ಅಲ್ಲಿ ಬಿಚ್ಚಿದರೆ ಬಾಗಿಲಿನ ರಬ್ಬರಿನಲ್ಲಿ ಕಪ್ಪು ಬೂಸ್ಟು, ತಟ್ಟೆಯಲ್ಲಿ ಗೀರು. ಅತ್ತೆಯ ಬಾಯಿಂದ ಬಂದ ಮೊದಲ ಮಾತು, "ನಿನ್ನ ಅಬ್ಬಾ ಹಳೆಯ ಫ್ರಿಜ್ ಒರೆಸಿ ಕಳಿಸಿದ್ದಾರೆ." ಅಂಗಡಿಯವನ ಮೋಸಕ್ಕೆ ಆರೋಪಿಯಾದವಳು ಒಂದು ದಿನದ ಮದುಮಗಳು. ಬಿಲ್ಲಿನ ತಾರೀಖಿಗೆ ಮೂರು ತಿಂಗಳು ಕಳೆದಿದ್ದರಿಂದ ಅಂಗಡಿಯವನು ಬಾಗಿಲಿನಿಂದಲೇ ಕೈಯಾಡಿಸಿಬಿಟ್ಟ.

ಮದುವೆಗೆ ಫ್ರಿಜ್ ಕಳಿಸುವ ಪದ್ಧತಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಮದ್ರಸದ ಮಕ್ಕಳು ಬಲ್ಲರು, ಇಲ್ಲಿ ಬೇಡ. ಕಳಿಸುವವರು ಕಡೇಪಕ್ಷ ಬಾಕ್ಸ್ ಬಿಚ್ಚಿ, ಒಂದು ದಿನ ಓಡಿಸಿ ನೋಡಿ ಕಳಿಸಲಿ. ವಾರಂಟಿಯ ಲೆಕ್ಕ ಸಾಮಾನ್ಯವಾಗಿ ಬಿಲ್ಲಿನ ದಿನದಿಂದ ಶುರುವಾಗುತ್ತದೆ, ಬಾಕ್ಸ್ ಬಿಚ್ಚಿದ ದಿನದಿಂದಲ್ಲ. ಸೀಲ್ ಒಡೆದರೆ ಹಳೆಯದೆನ್ನುತ್ತಾರೆ ಎಂಬ ಹೆದರಿಕೆಯಿಂದ ನಾವು ಬಿಚ್ಚುವುದಿಲ್ಲ, ಆ ಹೆದರಿಕೆಯೇ ಮೋಸಗಾರನಿಗೆ ಅನುಕೂಲ.

ಫೋನಿನಲ್ಲಿ ಪರೀಕ್ಷೆ ಸುಲಭ. *#06# ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಕಾಣಿಸುತ್ತದೆ. ಅದು ಬಾಕ್ಸಿನ ಮೇಲಿನ ಸಂಖ್ಯೆಗೂ ಬಿಲ್ಲಿನ ಸಂಖ್ಯೆಗೂ ಹೊಂದಬೇಕು. ಕೆವೈಎಂ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಸೇರಿಸಿ 14422ಕ್ಕೆ ಸಂದೇಶ ಕಳಿಸಿದರೆ ಆ ಫೋನಿನ ವಿವರ ಬರುತ್ತದೆ. ಹಲವು ಕಂಪೆನಿಗಳ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿದರೆ ವಾರಂಟಿ ಯಾವತ್ತು ಶುರುವಾಯಿತು ಎಂದು ತೋರಿಸುತ್ತದೆ. ನೀವು ಇಂದು ಕೊಂಡ ಲ್ಯಾಪ್‌ಟಾಪಿನ ವಾರಂಟಿ ಎಂಟು ತಿಂಗಳ ಹಿಂದೆ ಶುರುವಾಗಿದ್ದರೆ, ಅದನ್ನು ನಿಮಗಿಂತ ಮೊದಲು ಯಾರೋ ತೆರೆದಿರಬಹುದು, ಕೇಳಲೇಬೇಕು. ಆನ್‌ಲೈನ್‌ನಲ್ಲಿ ತರಿಸಿದ ಬಾಕ್ಸನ್ನು ಮಕ್ಕಳ ಕೈಯಲ್ಲಿ ಫೋನ್ ಕೊಟ್ಟು, ಮೇಲಿನ ವಿಳಾಸದ ಚೀಟಿ ಕಾಣುವಂತೆ ವೀಡಿಯೋ ಮಾಡಿಸುತ್ತಾ ಬಿಚ್ಚುವುದು ಈಗ ನನ್ನ ಅಭ್ಯಾಸ. ಮನೆಯವರು ನಗುತ್ತಾರೆ.

ದೇಶದ ಕಾನೂನು ಏನು ಹೇಳುತ್ತದೆ

ಬಿ.ಎ. ಓದುವಾಗ ಗ್ರಾಹಕ ಕಾನೂನಿನ ಹೆಸರು ಕೇಳಿದ್ದೆನೇ ಹೊರತು ಓದಿರಲಿಲ್ಲ. ಈ ಹುಡುಗಿಗಾಗಿ ಓದಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗದಲ್ಲಿ 2019ರ ಹೊಸ ಕಾಯ್ದೆ ಬಂದು, 2020ರ ಜುಲೈಯಿಂದ ಜಾರಿಯಲ್ಲಿದೆ. ದುರಸ್ತಿ ಮಾಡಿದ, ನವೀಕರಿಸಿದ, ಬಳಸಿದ ಅಥವಾ ಹಳೆಯ ಸರಕನ್ನು ಹೊಸದೆಂದು ಬಿಂಬಿಸಿ ಮಾರುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಎರಡೂ ಕಾಯ್ದೆಗಳಲ್ಲಿ ಸ್ಪಷ್ಟವಾಗಿಯೇ ಇದೆ. ಇಷ್ಟು ನೇರವಾಗಿ ನಮ್ಮ ಜಗಳದ ಹೆಸರು ಹಿಡಿದು ಹೇಳಿರುವುದನ್ನು ಕಂಡು ನನಗೆ ಆಶ್ಚರ್ಯವೇ ಆಯಿತು. ಬಿಲ್ ಕೊಡದಿರುವುದೂ 2019ರ ಕಾಯ್ದೆಯಲ್ಲಿ ಅನುಚಿತ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ ಮೂವತ್ತು ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೂ ಹಾಗೆಯೇ. ಅಂದರೆ ಗೋಡೆಯ ಮೇಲಿನ ಆ ಬೋರ್ಡಿಗೆ ನಾವು ಕೊಡುವಷ್ಟು ಬೆಲೆ ಕಾನೂನು ಕೊಡುವುದಿಲ್ಲ. ಆನ್‌ಲೈನ್ ವ್ಯಾಪಾರಕ್ಕೆ 2020ರಲ್ಲೇ ಬೇರೆ ನಿಯಮಗಳು ಬಂದಿವೆ. ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿದ್ದೇವೆಂದು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು.

ಅಂಗಡಿಯವರ ಇನ್ನೊಂದು ಮಾತು ನಮ್ಮನ್ನು ಹೆದರಿಸಿತ್ತು. "ನೀವು ಮಿಷನ್ ತೆಗೆದುಕೊಂಡದ್ದು ದುಡಿಮೆಗೆ. ಅದು ಬಿಸಿನೆಸ್. ಗ್ರಾಹಕ ಕಾನೂನು ಮನೆ ಬಳಕೆಗೆ ಮಾತ್ರ." ಅರ್ಧ ನಿಜ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಕಾಯ್ದೆಯಲ್ಲಿದೆ. ಆದರೆ ಅದರ ಕೆಳಗೇ ವಿವರಣೆ ಇದೆ. ಸ್ವಯಂ ಉದ್ಯೋಗದಿಂದ ತನ್ನ ಜೀವನ ನಡೆಸಲೆಂದೇ ಕೊಂಡದ್ದು ವಾಣಿಜ್ಯ ಉದ್ದೇಶವಲ್ಲ. ಮನೆಯಲ್ಲಿ ಕುಳಿತು ಹೊಲಿಯುವವಳು, ಹಿಟ್ಟು ರುಬ್ಬುವ ಗ್ರೈಂಡರ್ ಇಟ್ಟುಕೊಂಡವಳು, ಅವಳೂ ಗ್ರಾಹಕಳೇ. ಈ ಒಂದು ವಾಕ್ಯ ಗೊತ್ತಿಲ್ಲದೆ ಎಷ್ಟು ಹೆಂಗಸರು ಅಂಗಡಿಯ ಮೆಟ್ಟಿಲಿನಿಂದಲೇ ಹಿಂತಿರುಗಿದ್ದಾರೋ.

ಮೊದಲು 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಅಂಗಡಿ ಬೇರೆ ಊರಲ್ಲಿದ್ದರೂ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕಂಪ್ಯೂಟರಿನಲ್ಲಿ ದೂರು ಸಲ್ಲಿಸಲು 2020ರಲ್ಲಿ ಇ-ದಾಖಿಲ್ ಬಂತು, 2025ರಿಂದ ಇ-ಜಾಗೃತಿ ಇದೆ. ಆಯೋಗವು ದೋಷ ಸರಿಪಡಿಸಲು, ಹೊಸ ಸರಕು ಕೊಡಲು, ಹಣ ಮರಳಿಸಲು, ಪರಿಹಾರ ನೀಡಲು ಆದೇಶಿಸಬಹುದು. ಮೂರು ತಿಂಗಳಲ್ಲಿ, ಸರಕಿನ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಪ್ರಯತ್ನಿಸಬೇಕು ಎಂಬ ಪದವನ್ನು ಗಮನಿಸಿ. ಎಲ್ಲವೂ ಆ ಅವಧಿಯಲ್ಲಿ ಮುಗಿಯುವುದಿಲ್ಲ.

ಕೈಯಲ್ಲಿ ಸರಿಯಾದ ಬಿಲ್ ಇಲ್ಲದಿದ್ದರೆ ಇವೆಲ್ಲವೂ ಕಷ್ಟ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ, ಅಲ್ ಬಕರಃ ಅಧ್ಯಾಯದ 282ನೆಯದು, ನಮಾಝಿನ ಬಗ್ಗೆಯಲ್ಲ, ಉಪವಾಸದ ಬಗ್ಗೆಯಲ್ಲ, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಕೈಯಿಂದ ಕೈಗೆ ನಗದು ವ್ಯಾಪಾರವಾದರೆ ಬರೆಯದಿದ್ದರೂ ದೋಷವಿಲ್ಲವೆಂದು ಅದರಲ್ಲಿ ವಿನಾಯಿತಿ ಇದೆ, ಆದರೆ ಅಲ್ಲಿಯೂ ಸಾಕ್ಷಿ ಇಟ್ಟುಕೊಳ್ಳಿ ಎಂದಿದೆ. ನಾವು ವಿನಾಯಿತಿಯನ್ನು ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಬಿಲ್ ಕೇಳಿದರೆ ಜಿ.ಎಸ್.ಟಿ. ಸೇರಿ ಜಾಸ್ತಿಯಾಗುತ್ತದೆ ಎಂದ ಕೂಡಲೇ ನಮ್ಮ ಧೈರ್ಯ ಕರಗುತ್ತದೆ. ನಮ್ಮವರೇ ಅಲ್ಲವೇ, ಬಿಲ್ ಕೇಳಿದರೆ ಏನಂದುಕೊಂಡಾರು ಎಂಬ ದಾಕ್ಷಿಣ್ಯ ಬೇರೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಹೊಸದು ಎಂದು ಬರೆಸಿ. ಸರಕು ತಂದ ಹುಡುಗರು ಸಹಿ ಕೇಳಿದರೆ, ಬಿಚ್ಚಿ ನೋಡಿಲ್ಲ ಎಂದು ಪಕ್ಕದಲ್ಲಿ ಬರೆದು ಸಹಿ ಮಾಡಿ.

ಆ ಮಿಷನ್ ಎಲ್ಲಿಂದ ಬಂದಿತ್ತು

ನಾವು ಒಂದು ಪತ್ರ ಬರೆದೆವು. ಬೈಗುಳವಿಲ್ಲ, ಬೆದರಿಕೆಯಿಲ್ಲ. ಇಂತಹ ದಿನ ಇಷ್ಟು ಹಣಕ್ಕೆ ಹೊಸ ಮಿಷನ್ ಎಂದು ಕೊಂಡದ್ದು, ಇಂತಹ ದಿನ ದೋಷ ತಿಳಿದದ್ದು, ಅಂದಿನಿಂದ ಬಳಕೆ ನಿಲ್ಲಿಸಿದ್ದು, ಮಿಷನ್ ಅಂಗಡಿಯವರು ಒಯ್ಯಲು ಸಿದ್ಧವಾಗಿ ಇರುವುದು. ಚಾಚಾ ತಾವು ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿದರು. ಫೋಟೋಗಳನ್ನು ಸೇರಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆವು. ಕೆಳಗೆ, ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಜಿಲ್ಲಾ ಆಯೋಗಕ್ಕೆ ಹೋಗುವೆವು ಎಂದು ಒಂದೇ ಸಾಲು.

ನಾಲ್ಕನೆಯ ದಿನ ಅಂಗಡಿಯವರೇ ಫೋನ್ ಮಾಡಿದರು. "ಆಪಾ, ಪೋಸ್ಟ್ ಯಾಕೆ ಮಾಡಿದಿರಿ, ಬಂದು ಮಾತಾಡಬಹುದಿತ್ತಲ್ಲ."

"ಭಾಯಿ ಸಾಬ್, ಬಂದು ಮಾತಾಡಿದ್ದೆವಲ್ಲ" ಎಂದೆ.

ಅಂದು ಸಂಜೆ ಅವರು ನಿಜ ಹೇಳಿದರು. ಒಂದು ಹೊಲಿಗೆ ತರಬೇತಿ ಕೇಂದ್ರದವರು ಕಂತಿನ ಮೇಲೆ ಮಿಷನ್ನುಗಳನ್ನು ಒಯ್ದು, ಕೆಲವು ತಿಂಗಳು ಮಕ್ಕಳಿಗೆ ಕಲಿಸಿ, ಇವು ಸರಿಯಿಲ್ಲ ಎಂದು ಹೇಳಿ ಕಂತು ನಿಲ್ಲಿಸಿ ವಾಪಸ್ ಕೊಟ್ಟಿದ್ದರು. "ನನ್ನ ನಷ್ಟ ಯಾರು ಕೊಡುತ್ತಾರೆ ಆಪಾ? ಬಳಸಿ ವಾಪಸ್ ಕೊಡುವವರಿಗೆ ಯಾವ ಹದೀಸೂ ಇಲ್ಲವೇ?"

ಪ್ರಶ್ನೆ ಚುಚ್ಚಿತು. ಯಾಕೆಂದರೆ ಅದು ಪೂರ್ತಿ ಸುಳ್ಳಲ್ಲ. ಈದ್‌ಗೆ ನೆಂಟರು ಬರುತ್ತಾರೆಂದು ಆನ್‌ಲೈನ್‌ನಲ್ಲಿ ದೊಡ್ಡ ಮಿಕ್ಸಿ ತರಿಸಿ, ಹಬ್ಬದ ಮಸಾಲೆಯೆಲ್ಲ ರುಬ್ಬಿ ತೊಳೆದು, ಸದ್ದು ಜಾಸ್ತಿ ಎಂದು ಕಾರಣ ಬರೆದು ವಾಪಸ್ ಕಳಿಸಿದವರು ನನ್ನ ಪರಿಚಯದಲ್ಲೇ ಇದ್ದಾರೆ. ನಿಕಾಹ್‌ಗೆ ಉಟ್ಟ ಬಟ್ಟೆಯನ್ನು ಚೀಟಿ ಕೀಳದೆ ಮರುದಿನ ಹಿಂತಿರುಗಿಸುವವರಿದ್ದಾರೆ. ಅದನ್ನು ಜಾಣತನ ಎಂದು ಹೇಳಿಕೊಳ್ಳುತ್ತಾರೆ ಕೂಡ. ಆ ಮಿಕ್ಸಿ ಎಲ್ಲಿಗೆ ಹೋಯಿತು ಎಂದು ಅವರು ಕೇಳಿಕೊಂಡಿರಲಾರರು. ಮತ್ತೊಂದು ಮನೆಗೆ, ಹೊಸದೆಂದು ನಂಬಿದ ಮತ್ತೊಬ್ಬಳ ಕೈಗೆ ಹೋಗಿರಬಹುದು. ದೋಷ ಮುಚ್ಚಿ ಮಾರುವವನಿಗೂ ಇಲ್ಲದ ದೋಷ ಹೇಳಿ ಮರಳಿಸುವವಳಿಗೂ ನಡುವೆ ಅಂತರವೇನು ಎಂದರೆ ನನ್ನಲ್ಲಿ ಉತ್ತರವಿಲ್ಲ.

ಹಾಗೆಂದು ಒಬ್ಬರ ನಷ್ಟವನ್ನು ಗೊತ್ತಿಲ್ಲದ ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ. ಇಷ್ಟನ್ನು ಅಂಗಡಿಯವರಿಗೆ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು ಎರಡು ದಾರಿ ಮುಂದಿಟ್ಟರು. ಹೊಸ ಮಿಷನ್ ತರಿಸಿಕೊಡುವುದು, ಆದರೆ ಬರಲು ಮೂರು ವಾರ. ಇಲ್ಲವೇ ಇದನ್ನೇ ಇಟ್ಟುಕೊಂಡರೆ 7,000 ರೂಪಾಯಿ ವಾಪಸ್, ಸವೆದ ಭಾಗಗಳನ್ನು ಅವರ ಖರ್ಚಿನಲ್ಲಿ ಬದಲಿಸುವುದು.

ವಸ್ತುವನ್ನೂ ಇಟ್ಟುಕೊಂಡು ಬೆಲೆಯನ್ನೂ ಇಳಿಸು ಎಂದು ಒತ್ತಾಯಿಸುವ ಹಕ್ಕು, ಮರಳಿಸಲು ಸಾಧ್ಯವಿರುವಾಗ, ಹನಫೀ ಫಿಕ್‌ಹ್‌ನಲ್ಲಿ ಖರೀದಿದಾರರಿಗಿಲ್ಲ. ಇಬ್ಬರೂ ಮನಸಾರೆ ಒಪ್ಪಿ ಸುಲ್ಹ್ ಮಾಡಿಕೊಂಡರೆ ಆಗುತ್ತದೆ. ನನಗೆ ಮಾತ್ರ ಅವಳು ಮಿಷನ್ ಮರಳಿಸಿ ಹೊಸದನ್ನೇ ಪಡೆಯಲಿ ಎಂಬ ಹಟ. ಇಷ್ಟು ಓದಿ, ಇಷ್ಟು ಓಡಾಡಿ, ಕೊನೆಗೆ ಹಳೆಯದನ್ನೇ ಇಟ್ಟುಕೊಳ್ಳುವುದೇ?

ಅವಳು ಚಾಚಾರನ್ನು ಕೇಳಿದಳು. ಅವರು ಲೆಕ್ಕ ಹಾಕಿ, ಹಲ್ಲು, ಪ್ಲೇಟು ಮತ್ತು ಬಾಬಿನ್ ಕೂರುವ ಹುಕ್ಕು ಹೊಸದು ಹಾಕಿದರೆ 14,000ಕ್ಕೆ ನಷ್ಟವಿಲ್ಲ ಎಂದರು. ಆಮೇಲೆ ನನ್ನತ್ತ ತಿರುಗಿ, "ಆಪಾ, ಮೂರು ವಾರ ಕಾದರೆ ಶಾಲೆ ಶುರುವಾಗಿಬಿಡುತ್ತದೆ" ಎಂದಳು. ಅವಳ ಕಾಲಿನ ಮೀನಖಂಡ ಊದಿಕೊಂಡಿದ್ದುದು ಆಗ ನನ್ನ ಕಣ್ಣಿಗೆ ಬಿತ್ತು. ನಾನು ಮತ್ತೆ ಮಾತಾಡಲಿಲ್ಲ.

ಹಣ ಎಣಿಸಿಕೊಳ್ಳುವ ಮೊದಲು ಅವಳೇ ಬಿಲ್ ಪುಸ್ತಕವನ್ನು ಅಂಗಡಿಯವರ ಮುಂದಕ್ಕೆ ಸರಿಸಿದಳು. ಸೀರಿಯಲ್ ನಂಬರನ್ನು ತಾನೇ ಓದಿ ಹೇಳಿ ಬರೆಸಿದಳು. ಬಳಸಿದ ಮಿಷನ್, ರೂ. 14,000, ಆರು ತಿಂಗಳು ಅಂಗಡಿಯ ಖಾತರಿ. ಅಂಗಡಿಯವರು ಸಹಿ ಹಾಕಿ, ಸೀಲ್ ಒತ್ತಿ, ಹರಿದು ಕೊಟ್ಟರು. ಜೂನ್ ಮೊದಲ ವಾರದಲ್ಲಿ ಮೂವತ್ತು ಜೊತೆಯಲ್ಲಿ ಇಪ್ಪತ್ತಾರು ತಲುಪಿಸಿದಳು. ಉಳಿದ ನಾಲ್ಕು ಮನೆಯವರು ಕಾಯಲಾರದೆ ಅಷ್ಟರಲ್ಲಿ ಬೇರೆ ಕಡೆ ಕೊಟ್ಟುಬಿಟ್ಟಿದ್ದರು.